ಜೋಲಿಯ ಪಾಳಿ

ಮೊಮ್ಮಗಳಿಗೆ ಹಲ್ಲು ಬರುತ್ತಿದೆ. ಕೆಂಗೇರಿಯಲ್ಲಿರುವ ಮಗಳು ಮೊನ್ನೆ ಫೋನು ಮಾಡಿ, ‘ರಾತ್ರಿ ಎರಡು ಗಂಟೆಗೆ ಎದ್ದವಳು ಬೆಳಗಿನ ತನಕ ಮಲಗಲೇ ಇಲ್ಲಮ್ಮ. ನಾವಿಬ್ಬರೂ ಅವಳ ಜೊತೆ ಕೂತಿದ್ವಿ. ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ?’ ಎಂದು ಕೇಳಿದಳು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಕೊಡುವ ಸಿಲಿಕೋನ್ ಬಳೆ, ಆನ್‌ಲೈನಿನಲ್ಲಿ ತರಿಸಿದ ಚನ್ನಪಟ್ಟಣದ ಮರದ ಉಂಗುರ, ಡಾಕ್ಟರು ಬರೆದುಕೊಟ್ಟ ಸಿರಪ್ಪು ಎಲ್ಲವೂ ಅವಳ ಮನೆಯಲ್ಲಿವೆ. ಬಜೆ, ಸುತ್ತು ಖಾರ, ಗಿಲಕಿ ಎಂದು ನಾನೂ ಒಂದು ಪಟ್ಟಿ ಕೊಡಬಹುದಿತ್ತು. ಆದರೆ ‘ನಿಮ್ಮ ಕಾಲ’ ಎಂದಾಗ ನನ್ನ ಮನಸ್ಸು ನಾನು ಅವಳನ್ನು ಹೆತ್ತ ಕಾಲಕ್ಕೆ ಹೋಗದೆ, ಅದನ್ನೂ ದಾಟಿ ಹಿಂದಕ್ಕೆ ಹೋಗಿ, ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ತಮ್ಮನ ಜೋಲಿಯ ಹಗ್ಗ ಹಿಡಿದು ಕೂತಿದ್ದ ರಾತ್ರಿಗಳ ಮುಂದೆ ನಿಂತುಬಿಟ್ಟಿತು.

ಎಪ್ಪತ್ತರ ದಶಕದ ಕೊನೆ. ರಾಮನಗರ ಆಗ ಬೆಂಗಳೂರು ಜಿಲ್ಲೆಯ ಒಂದು ತಾಲ್ಲೂಕು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು, 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಕಟ್ಟಿಕೊಂಡು ತಾನೇ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಯೂ ಬೆಂಗಳೂರು ದಕ್ಷಿಣ ಅನಿಸಿಕೊಂಡಿತು. ಹೆಸರು ಬದಲಾದಷ್ಟು ಬೇಗ ನಮ್ಮ ಬೀದಿಯ ವಾಸನೆ ಬದಲಾಗಲಿಲ್ಲ. ರೇಷ್ಮೆಗೂಡು ಬೇಯಿಸಿದ ನೀರು, ಸತ್ತ ಹುಳ, ಹಸಿ ಸೌದೆಯ ಹೊಗೆ ಮೂರೂ ಸೇರಿದ ವಾಸನೆ ಅದು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಗೊತ್ತಾಗುತ್ತಿದ್ದುದು ಬೇಸಿಗೆ ರಜೆಗೆ ಕನಕಪುರದ ಕಡೆಯ ಅಜ್ಜಿಯ ಊರಿಗೆ ಹೋಗಿ ವಾಪಸು ಬಂದಾಗ ಮಾತ್ರ.

ಅವ್ವ ಅದೇ ಬೀದಿಯ ಕೊನೆಯ ಮನೆಯೊಂದರಲ್ಲಿ ಚರಕದ ಕೆಲಸಕ್ಕೆ ಹೋಗುತ್ತಿದ್ದಳು. ಕುದಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳನ್ನು ಬೆರಳಿನಲ್ಲೇ ಹುಡುಕಿ, ಐದಾರನ್ನು ಒಟ್ಟು ಮಾಡಿ ರಾಟೆಗೆ ಕೊಡಬೇಕು. ದಿನವಿಡೀ ನೀರಿನಲ್ಲಿ ಬೆಂದ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಸಂಜೆ ಬಂದವಳೇ ಕೈ ತೊಳೆದು ತೋರುಬೆರಳನ್ನು ತಮ್ಮನ ಬಾಯಿಗಿಟ್ಟು ವಸಡು ತಿಕ್ಕುವಳು. ಅವನು ಅದನ್ನು ಕಚ್ಚಿಕೊಂಡು ಸುಮ್ಮನಾಗುವನು. ಬಿಸಿನೀರಿಗೆ ಸಿಕ್ಕಿ ಬಿರುಕು ಬಿಟ್ಟ ಬೆರಳನ್ನು ಅವನ ವಸಡು ಒತ್ತುವಾಗ ಅವಳಿಗೆ ಉರಿಯುತ್ತಿತ್ತೋ ಏನೋ, ಕೇಳಿದವರಿಲ್ಲ.

ಅಜ್ಜಿ ಮೂರು ತಿಂಗಳು ಬಾಣಂತನ ಮಾಡಿ, ರಾಗಿ ಕೊಯ್ಲಿಗೆ ಆಳು ಸಾಲದೆಂದು ಊರಿಗೆ ಹೊರಟುಹೋಗಿದ್ದಳು. ಅವ್ವ ಕೋಳಿ ಕೂಗುವ ಮೊದಲೇ ಎದ್ದು ಕೆಲಸಕ್ಕೆ ಹೋಗಬೇಕು. ನಿದ್ದೆಗೆಟ್ಟ ಕೈ ಕುದಿನೀರಿನ ಪಕ್ಕ ತೂಕಡಿಸಿದರೆ ಏನಾಗುತ್ತದೆ ಎನ್ನುವುದನ್ನು ಬೀದಿಯ ಎಲ್ಲರೂ ನೋಡಿದ್ದರು. ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಮಲಗಿದರೆ ಮುಗಿಯಿತು. ಅವನನ್ನು ಎಬ್ಬಿಸಬಹುದು ಎಂಬ ಯೋಚನೆ ಅವ್ವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಹಾಗಾಗಿ ಜೋಲಿಯ ಹಗ್ಗ ನನ್ನ ಕೈಗೆ ಬಂತು. ತೊಲೆಗೆ ಕಟ್ಟಿದ ಅವ್ವನ ಹಳೇ ಸೀರೆಯ ಜೋಲಿ. ಅದರ ಅಂಚಿಗೆ ಒಂದು ಹಗ್ಗ. ಅದನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಮಲಗಿದರೆ ನಿದ್ದೆಯಲ್ಲೂ ತೂಗಬಹುದು ಎನ್ನುವುದನ್ನು ನಾನೇ ಕಂಡುಹಿಡಿದಿದ್ದೆ.

ಮೂರು ತಿಂಗಳು, ನಾಲ್ಕು ತಿಂಗಳು ಚೆನ್ನಾಗಿ ಮಲಗುತ್ತಿದ್ದ ಕೂಸು ಆರು ತುಂಬುವ ಹೊತ್ತಿಗೆ ಬೇರೆಯೇ ಆಯಿತು. ಎದೆಯ ಮೇಲಿನ ಬಟ್ಟೆ ಯಾವಾಗಲೂ ಜೊಲ್ಲಿನಿಂದ ಒದ್ದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕಿವಿ ಹಿಡಿದು ಎಳೆದುಕೊಳ್ಳುವುದು, ರಾತ್ರಿ ಇದ್ದಕ್ಕಿದ್ದಂತೆ ಚೀರಿ ಏಳುವುದು. ‘ಹಲ್ಲು ಇಡ್ತಾ ಅದೆ ಕಣವ್ವ’ ಎಂದು ಬೀದಿಯ ಹೆಂಗಸರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಆಮೇಲೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಕೊಬ್ಬರಿ ಹೋಳು ಕೊಡು, ಉತ್ತುತ್ತೆ ಕೊಡು, ತಟ್ಟಿ ಒಣಗಿಸಿದ ರಾಗಿರೊಟ್ಟಿಯ ಅಂಚು ಕೊಡು, ಬಜೆ ಬೇರನ್ನು ದಾರಕ್ಕೆ ಪೋಣಿಸಿ ಮುಂಗೈಗೆ ಕಟ್ಟು, ವಸಡಿಗೆ ಜೇನುತುಪ್ಪ ಸವರು.

ಇವರೆಲ್ಲರ ಮೇಲೆ ಅಧಿಕಾರ ಇದ್ದದ್ದು ಪಕ್ಕದ ಮನೆಯ ಸಾಬರ ಅಜ್ಜಿಗೆ. ಬೀದಿಯ ಹಿಂದೂ ಮಕ್ಕಳೂ ಅವರನ್ನು ನಾನಿ ಎಂದೇ ಕರೆಯುತ್ತಿದ್ದೆವು. ಅವರ ಹತ್ತಿರ ಅಂಗೈಯಗಲದ ಒಂದು ಸಾಣೆಕಲ್ಲಿತ್ತು. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಒಣಶುಂಠಿ, ಅರಿಶಿನದ ಕೊಂಬು ಒಂದೊಂದನ್ನೂ ಇಷ್ಟು ಸುತ್ತು ಎಂದು ಎಣಿಸಿ ಎದೆಹಾಲಿನಲ್ಲಿ ತೇದು, ಬೆರಳ ತುದಿಯಲ್ಲಿ ತೆಗೆದು ಕೂಸಿನ ನಾಲಿಗೆಗೆ ಹಚ್ಚುವರು. ನಮ್ಮವರು ಅದನ್ನು ಸುತ್ತು ಖಾರ ಎನ್ನುತ್ತಿದ್ದರು, ನಾನಿ ಘುಟ್ಟಿ ಎನ್ನುತ್ತಿದ್ದರು. ತಮ್ಮ ತೀರಾ ಹಟ ಮಾಡಿದ ರಾತ್ರಿ ಜಾಯಿಕಾಯಿಯ ಸುತ್ತು ಒಂದು ಹೆಚ್ಚಾಗುತ್ತಿತ್ತು. ಆ ರಾತ್ರಿ ನನಗೂ ನಿದ್ದೆ.

ತಮ್ಮನಿಗೆ ಮೇಲಿನ ಹಲ್ಲು ಮೊದಲು ಬಂತು. ಸಾಮಾನ್ಯವಾಗಿ ಕೆಳಗಿನ ಮುಂದಿನ ಎರಡು ಹಲ್ಲು ಮೊದಲು ಇಣುಕುತ್ತವೆ. ಮೇಲಿನದು ಮೊದಲಾದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಅವ್ವ ಅತ್ತಳು. ಅವಳ ಒಬ್ಬನೇ ತಮ್ಮ, ಹನ್ನೆರಡು ಕಿಲೋಮೀಟರ್ ಆಚೆ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು, ಸುದ್ದಿ ಕೇಳಿ ಭಾನುವಾರ ಸೈಕಲ್ ಹೊಡೆದುಕೊಂಡು ಬಂದ. ಶಾಂತಿ ಮಾಡಿಸಬೇಕು, ಯಾರನ್ನು ಕೇಳೋಣ ಎಂದು ಅವ್ವ ಶುರುಮಾಡಿದಳು. ‘ನಂಗೆ ಕೇಡಾಗೋದಾದ್ರೆ ಆಗ್ಲಿ ಬುಡಕ್ಕ, ಕೂಸು ನಿದ್ದೆ ಮಾಡ್ಲಿ’ ಎಂದು ಮಾವ ಚೀಲದಿಂದ ಒಂದು ಗಿಲಕಿ ತೆಗೆದ. ಮಾವ ಎಪ್ಪತ್ತು ದಾಟಿಯೂ ಬದುಕಿದ.

ಆ ಗಿಲಕಿಯ ಬಗ್ಗೆ ಸ್ವಲ್ಪ ಹೇಳಬೇಕು. ಚನ್ನಪಟ್ಟಣದ ಬೊಂಬೆಗೆ ಮೂಲವಾದದ್ದು ಆಲೆ ಮರ. ಹಾಲುಬಿಳುಪಿನ, ನಯವಾದ, ಸೀಳು ಬಿಡದ ಮರ. ಕಡಿದು ತಿಂಗಳುಗಟ್ಟಲೆ ಒಣಗಿಸಿ ಲೇತಿಗೆ ಹಾಕಿ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹೊದ್ದುಕೊಳ್ಳುತ್ತದೆ. ಕೊನೆಗೆ ಒಣಗಿದ ಗರಿಯೊಂದನ್ನು ಹಿಡಿದು ತಿಕ್ಕಿದರೆ ಮುಖ ಕಾಣುವ ಹೊಳಪು. ಅರಗು ಹುಳದಿಂದ ಬರುವುದು, ರೇಷ್ಮೆಯೂ ಹುಳದಿಂದಲೇ. ನಮ್ಮ ಎರಡೂ ಊರು ಹುಳ ನಂಬಿಕೊಂಡವು ಎಂದು ಮಾವ ನಗುತ್ತಿದ್ದ. ಗಿಲಕಿಯ ತಲೆಗೆ ಅವನು ಕೆಂಪು, ಹಳದಿ, ಹಸಿರು ಹಾಕಿದ್ದ. ಹಿಡಿಯ ತುದಿಯಲ್ಲಿದ್ದ ಬಳೆಗೆ ಮಾತ್ರ ಬಣ್ಣವೂ ಇಲ್ಲ, ಅರಗೂ ಇಲ್ಲ, ಬರೀ ಮರ. ‘ಕೂಸು ಚೀಪೋದು ಇದನ್ನ. ಬಾಯಿಗೆ ಹೋಗೋದಕ್ಕೆ ಬಣ್ಣ ಯಾಕೆ?’ ಎಂದ.

ಬಣ್ಣದಲ್ಲಿ ಸೀಸ ಇರಬಹುದು, ಅದು ಮಕ್ಕಳ ಮಿದುಳಿಗೆ ವಿಷ ಎಂಬ ಮಾತು ನಮ್ಮ ಬೀದಿಗೆ ಬರಲು ಇನ್ನೂ ಎಷ್ಟೋ ವರ್ಷ ಇತ್ತು. 2007ರಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದು ಸೀಸದ ಬಣ್ಣದ ಲಕ್ಷಾಂತರ ಆಟಿಕೆಗಳನ್ನು ವಾಪಸು ಪಡೆದಾಗ ಪತ್ರಿಕೆಗಳಲ್ಲಿ ಓದಿದೆವು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಮಾವ ಓದಿದ್ದು ಐದನೇ ಕ್ಲಾಸು. ಮಗಳು ತರಿಸಿರುವ ಉಂಗುರದ ಡಬ್ಬಿಯ ಮೇಲೆ ಸಾವಯವ, ವಿಷರಹಿತ ಎಂದೆಲ್ಲ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಚನ್ನಪಟ್ಟಣದ ಬೊಂಬೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣಗಳೂ ಬಂದವು. ಆ ಉಂಗುರ ಕಡೆದವನ ಹೆಸರು ಮಾತ್ರ ಡಬ್ಬಿಯ ಮೇಲೆ ಎಲ್ಲೂ ಇಲ್ಲ.

ಹಲ್ಲು ಬಂದ ಮೇಲೆ ಅವ್ವ ಹರಕೆ ತೀರಿಸಲು ನಮ್ಮನ್ನು ದೊಡ್ಡಮಳೂರಿಗೆ ಕರೆದುಕೊಂಡು ಹೋದಳು. ಅಪ್ರಮೇಯನ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆಯುಂಡೆ. ಮಕ್ಕಳಾಗಲೆಂದು ಬೇಡಿಕೊಳ್ಳುವವರು ಅಲ್ಲಿ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಈ ಕೃಷ್ಣನನ್ನು ಕಂಡೇ ಎಂಬುದು ಪ್ರತೀತಿ. ಅಂಬೆಗಾಲಿನ ವಯಸ್ಸೇ ಹಲ್ಲು ಬರುವ ವಯಸ್ಸು. ಯಶೋದೆ ಎಷ್ಟು ರಾತ್ರಿ ನಿದ್ದೆಗೆಟ್ಟಳೋ ಎಂದು ಅವ್ವ ಗುಡಿಯ ಮೆಟ್ಟಿಲ ಮೇಲೆ ಕೂತು ಹೇಳಿದ್ದು ನೆನಪಿದೆ. ಗುಡಿಯೊಳಗೆ ಕೈಮುಗಿದವರೆಲ್ಲ ಕೇಳಿಕೊಳ್ಳುತ್ತಿದ್ದುದು ಮಗುವನ್ನು. ಮಗು ಬಂದ ಮೇಲಿನ ರಾತ್ರಿಗಳಿಗೆ ಯಾವ ದೇವರ ಹತ್ತಿರವೂ ಹರಕೆ ಇರಲಿಲ್ಲ.

ಮದ್ದು, ದೇವರು ಎರಡೂ ಕೈಕೊಟ್ಟ ಹೊತ್ತಿಗೆ ಉಳಿಯುತ್ತಿದ್ದುದು ಹೆದರಿಕೆ. ಬೇರೆ ಊರಿನ ಮಕ್ಕಳಿಗೆ ಗುಮ್ಮನಿದ್ದ, ನಮಗೆ ಗಬ್ಬರ್ ಸಿಂಗ್ ಇದ್ದ. ‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರಿನಲ್ಲಿ ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ ಶುರುವಾಗಿ, 1975ರ ಆಗಸ್ಟ್ 15ಕ್ಕೆ ಸಿನಿಮಾ ಬಿಡುಗಡೆಯಾಯಿತು. ಸಂಭಾಷಣೆಯ ರೆಕಾರ್ಡುಗಳೇ ಬಂದು, ಹೋಟೆಲುಗಳಲ್ಲಿ ಹಾಡಿನ ಬದಲು ಗಬ್ಬರನ ಮಾತು ಮೊಳಗುತ್ತಿತ್ತು. ದೂರದ ಊರುಗಳಲ್ಲಿ ರಾತ್ರಿ ಮಗು ಅತ್ತರೆ ತಾಯಂದಿರು ತನ್ನ ಹೆಸರು ಹೇಳಿ ಮಲಗಿಸುತ್ತಾರೆ ಎಂದು ಅವನು ಕೊಚ್ಚಿಕೊಳ್ಳುವುದು ಅದರಲ್ಲಿ ಎಲ್ಲರಿಗೂ ಬಾಯಿಪಾಠ. ಆ ಮಾತು ಹುಟ್ಟಿದ ಬಂಡೆಗಳು ನಮ್ಮ ಹಿತ್ತಿಲಿನಿಂದಲೇ ಕಾಣುತ್ತಿದ್ದವು. ನಾನೂ ತಮ್ಮನಿಗೆ ಗಬ್ಬರನ ಹೆಸರು ಹೇಳಿ ನೋಡಿದೆ. ಏಳು ತಿಂಗಳ ಕೂಸು ಅದಕ್ಕೆಲ್ಲ ಹೆದರಲಿಲ್ಲ. ಅಮಾವಾಸ್ಯೆಯ ರಾತ್ರಿ ಬಂಡೆಗಳ ಕಡೆ ನೋಡಿ ಹೆದರಿದವಳು ನಾನೇ.

ಇಷ್ಟನ್ನು ಈಗ ಹೇಳಿದರೆ ಕೇಳುವವರ ಮುಖದಲ್ಲಿ ಒಂದು ಮೆಚ್ಚುಗೆ ಮೂಡುತ್ತದೆ. ‘ಎಂಥ ಕಾಲ! ಬೀದಿಗೆ ಬೀದಿಯೇ ಮಗು ಸಾಕುತ್ತಿತ್ತು’ ಎನ್ನುತ್ತಾರೆ. ನನಗೂ ಹಾಗನ್ನಿಸುವುದುಂಟು. ಆದರೆ ಆ ಕಾಲವನ್ನು ಸಾಣೆಕಲ್ಲಿನ ಮೇಲೆ ಒಮ್ಮೆ ತೇದು ನೋಡಬೇಕು.

ಮೊದಲು ಮದ್ದುಗಳು. ಬಜೆಯನ್ನು ಆಹಾರದಲ್ಲಿ ಬಳಸಬಾರದೆಂದು ಅಮೆರಿಕ 1968ರಲ್ಲೇ ನಿಷೇಧಿಸಿತ್ತು. ಜಾಯಿಕಾಯಿ ಹೆಚ್ಚಾದರೆ ಮಗುವಿಗೆ ಬರುವುದು ನಿದ್ದೆಯಲ್ಲ, ಮಂಪರು. ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪ ಕೊಡಬಾರದು, ಅಪರೂಪಕ್ಕಾದರೂ ಅದರಿಂದ ಬರುವ ಬೊಟುಲಿಸಂ ಪ್ರಾಣಕ್ಕೇ ಅಪಾಯ. ಕೊಬ್ಬರಿ ಹೋಳು ಮುರಿದು ಗಂಟಲಿಗೆ ಸಿಕ್ಕಿದರೆ ಮುಗಿಯಿತು. ಪೇಟೆಯ ಮದ್ದೂ ಇದಕ್ಕಿಂತ ಶುದ್ಧವಾಗಿರಲಿಲ್ಲ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮ ಕಿರಾಣಿ ಅಂಗಡಿಗಳ ತನಕ ಬಂದ ಗ್ರೈಪ್ ವಾಟರಿನಲ್ಲಿ ಮೊದಲು ಮದ್ಯಸಾರ ಇತ್ತು. ಅದೇ ಇಂಗ್ಲೆಂಡಿನಲ್ಲಿ ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಪುಡಿಗಳಲ್ಲಿ ಪಾದರಸ ಇತ್ತು. ಅಂಗೈ ಅಂಗಾಲು ಕೆಂಪಾಗಿ ನರಳುವ ಕಾಯಿಲೆ ಮಕ್ಕಳಿಗೆ ಬರುತ್ತಿದ್ದುದು ಅದರಿಂದಲೇ ಎಂದು ಗೊತ್ತಾಗಿ, 1950ರ ದಶಕದಲ್ಲಿ ಆ ಪುಡಿ ನಿಂತ ಮೇಲೆ ಕಾಯಿಲೆಯೂ ಹೆಚ್ಚುಕಡಿಮೆ ಮಾಯವಾಯಿತು. ಮೊನ್ನೆ ಮೊನ್ನೆ, 2018ರಲ್ಲಿ, ವಸಡಿಗೆ ಹಚ್ಚುವ ಬೆಂಜೊಕೇನ್ ಜೆಲ್ಲುಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬೇಡಿ, ರಕ್ತ ಆಮ್ಲಜನಕ ಸಾಗಿಸುವುದೇ ತಪ್ಪಿಹೋಗಬಹುದು ಎಂದು ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು.

ಎರಡನೆಯದು, ಎಲ್ಲ ದೂರನ್ನೂ ಹಲ್ಲಿನ ಮೇಲೆ ಹಾಕುತ್ತಿದ್ದುದು. ಜ್ವರ ಬಂದರೂ ಹಲ್ಲು, ಭೇದಿಯಾದರೂ ಹಲ್ಲು. ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ವೈದ್ಯರು 125 ಮಕ್ಕಳನ್ನು ದಿನದಿನವೂ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಲ್ಲು ಮೂಡುವ ಮುಂಚಿನ ನಾಲ್ಕು ದಿನ, ಮೂಡಿದ ದಿನ, ಆಮೇಲಿನ ಮೂರು ದಿನ, ಇಷ್ಟರಲ್ಲಿ ಜೊಲ್ಲು, ಕಚ್ಚುವಿಕೆ, ಕಿರಿಕಿರಿ, ನಿದ್ದೆಗೇಡು, ಕೊಂಚ ಮೈಬಿಸಿ ಹೆಚ್ಚು; ಜೋರು ಜ್ವರಕ್ಕೂ ಭೇದಿಗೂ ಹಲ್ಲಿಗೂ ನಂಟಿಲ್ಲ. ಇದನ್ನು ಓದಿದಾಗ ನನಗೆ ನಾನಿ ನೆನಪಾದರು. ನಮ್ಮ ಬೀದಿಯ ಒಂದು ಕೂಸಿಗೆ ಭೇದಿ ನಿಲ್ಲದೆ ನೆತ್ತಿ ಒಳಕ್ಕೆ ಕುಸಿದಿತ್ತು. ಎಲ್ಲರೂ ಹಲ್ಲು, ಹಲ್ಲು ಎನ್ನುತ್ತಿದ್ದಾಗ ನಾನಿ ಸಾಣೆಕಲ್ಲನ್ನು ಬದಿಗಿಟ್ಟು, ‘ಇದು ಹಲ್ಲಲ್ಲ, ಆಸ್ಪತ್ರೆಗೆ ಓಡು’ ಎಂದು ಆ ತಾಯಿಯನ್ನು ಗದರಿಸಿ ಕಳಿಸಿದರು. ಕೂಸು ಗ್ಲೂಕೋಸ್ ಏರಿಸಿಕೊಂಡು ಬದುಕಿತು. ಜಾಯಿಕಾಯಿ ತೇಯುತ್ತಿದ್ದವರೂ ಅವರೇ, ಜಾಯಿಕಾಯಿಯ ಎಲ್ಲೆ ತಿಳಿದಿದ್ದವರೂ ಅವರೇ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಮಗುವಿಗೆ ನಿದ್ದೆ ಬರಿಸಬೇಕಾದ ತುರ್ತು ಎಲ್ಲಿಂದ ಬರುತ್ತದೆ? ಬೆಳಿಗ್ಗೆ ಎದ್ದು ದುಡಿಯಲು ಹೋಗಬೇಕಾದ ತಾಯಿಯಿಂದ. ಬೊಂಬಾಯಿಯ ಗಿರಣಿಗಳ ಹೆಂಗಸರು ಮಕ್ಕಳಿಗೆ ಅಫೀಮು ತಿನ್ನಿಸಿ ಮಲಗಿಸಿ ಕೆಲಸಕ್ಕೆ ಬರುತ್ತಿದ್ದರೆಂದು ಕಾರ್ಮಿಕರ ಬಗೆಗಿನ ರಾಯಲ್ ಆಯೋಗ 1931ರಲ್ಲಿ ಬರೆದಿದೆ. ಆ ತಾಯಂದಿರು ಕೆಟ್ಟವರಾಗಿರಲಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಬೀದಿಯಲ್ಲಿ ಅಫೀಮಿನ ಜಾಗದಲ್ಲಿ ಹೆಣ್ಣುಮಕ್ಕಳಿದ್ದೆವು.

ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಮೂವರು ತಮ್ಮ ತಂಗಿಯರು. ಅವಳ ಅವ್ವನೂ ಚರಕಕ್ಕೆ ಹೋಗುತ್ತಿದ್ದಳು. ಕ್ಲಾಸಿನಲ್ಲಿ ನಾವಿಬ್ಬರೂ ತೂಕಡಿಸುತ್ತಿದ್ದೆವು, ಇಬ್ಬರಿಗೂ ಏಟು ಬೀಳುತ್ತಿತ್ತು. ನನಗೆ ಒಬ್ಬನೇ ತಮ್ಮ. ಅವನ ಹಾಲುಹಲ್ಲುಗಳು ಇಪ್ಪತ್ತೂ ಬಂದು ಮುಗಿಯುವ ಹೊತ್ತಿಗೆ ಹಗಲಿನ ಹೊತ್ತು ಅವನನ್ನು ನಾನಿ ನೋಡಿಕೊಳ್ಳತೊಡಗಿದರು. ನಾನು ಹೈಸ್ಕೂಲಿಗೆ ಹೋದೆ. ಅವಳ ಮನೆಯಲ್ಲಿ ಒಬ್ಬರ ಹಲ್ಲು ಮುಗಿದರೆ ಇನ್ನೊಬ್ಬರದು ಶುರು. ಐದಕ್ಕೇ ಬಿಟ್ಟಳು. ಆಮೇಲೆ ಅವರ ಮನೆಯವರು ಹುರಿ ಕೆಲಸ ಸಿಕ್ಕಿತೆಂದು ಮಾಗಡಿಗೆ ಹೋದರು, ಮಕ್ಕಳೂ ಅದೇ ಕೆಲಸಕ್ಕೆ ಬಿದ್ದರು. ನಮ್ಮ ಭಾಗದ ರೇಷ್ಮೆ ಕೆಲಸದಲ್ಲಿ ಮಕ್ಕಳು ಮುಂಗಡದ ಸಾಲಕ್ಕೆ ಜೀತ ಬಿದ್ದಿರುವುದನ್ನು ಹ್ಯೂಮನ್ ರೈಟ್ಸ್ ವಾಚ್ 1996ರಲ್ಲೂ 2003ರಲ್ಲೂ ಜಗತ್ತಿಗೆ ತೋರಿಸಿತು. ಆ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನು ಹುಡುಕಿದ್ದು ಒಂದೇ ಮುಖವನ್ನು. ಬೀದಿಗೆ ಬೀದಿಯೇ ಮಗು ಸಾಕುತ್ತಿತ್ತು ಎನ್ನುವವರು ಅವಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಕಾನೂನುಗಳಿವೆ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳದ ರಜೆ 26 ವಾರಕ್ಕೇರಿತು. ಮಗಳು ಮೊದಲ ಸಲ ಅದನ್ನು ಹೇಳಿದಾಗ ಬೆರಳು ಮಡಚಿ ಎಣಿಸಿದೆ: ಆರು ತಿಂಗಳು. ಸರಿಯಾಗಿ ಮೊದಲ ಹಲ್ಲು ಮೂಡುವ ಹೊತ್ತಿಗೆ ತಾಯಿ ಆಫೀಸಿಗೆ ವಾಪಸು. ಯಾರೂ ಬೇಕೆಂದು ಹಾಗೆ ಹೊಂದಿಸಿಲ್ಲ, ಆದರೆ ಮನೆಮನೆಯಲ್ಲೂ ಹಾಗೇ ಆಗುತ್ತಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆಂದು ನಮ್ಮ ರಾಜ್ಯ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳ ಯೋಜನೆ ತಂದಿತು. ಹಗಲಿಗೆ ಅದು ದೊಡ್ಡ ಆಸರೆ, ಅಂಥದ್ದೊಂದು ನಮ್ಮ ಬೀದಿಯಲ್ಲಿ ಇದ್ದಿದ್ದರೆ ನನ್ನ ಗೆಳತಿ ಆರನೇ ಕ್ಲಾಸು ನೋಡುತ್ತಿದ್ದಳು. ರಾತ್ರಿಯನ್ನು ಮಾತ್ರ ಯಾವ ಸರ್ಕಾರವೂ ಹಂಚಿಕೊಡಲಾರದು. ಅದನ್ನು ಮನೆಯವರೇ ಹಂಚಿಕೊಳ್ಳಬೇಕು.

ಹಾಗಾಗಿ ಮಗಳಿಗೆ ನಾನು ಹೇಳಿದ ಮದ್ದು ಚಿಕ್ಕದು. ತಣ್ಣನೆಯ ಒದ್ದೆ ಬಟ್ಟೆ ಚೀಪಲು ಕೊಡು, ತೊಳೆದ ಬೆರಳಿನಿಂದ ವಸಡು ತಿಕ್ಕು, ಜ್ವರ ಏರಿದರೆ ಹಲ್ಲೆಂದು ಕಾಯಬೇಡ. ಆಮೇಲೆ, ಇಬ್ಬರೂ ಒಟ್ಟಿಗೆ ಎದ್ದು ಕೂರುವುದನ್ನು ಬಿಡಿ. ಎರಡು ಗಂಟೆಯ ತನಕ ಒಬ್ಬರು, ಎರಡರ ಮೇಲೆ ಇನ್ನೊಬ್ಬರು. ಅಳಿಯ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದವನು, ‘ಎರಡರ ಮೇಲಿನದು ನನಗಿರಲಿ ಅತ್ತೆ’ ಎಂದ. ನನ್ನ ಅಪ್ಪನ ಬಾಯಲ್ಲಿ ಈ ಮಾತು ಬಂದಿದ್ದರೆ ಅವ್ವ ಅವನಿಗೆ ಮೈ ಹುಷಾರಿಲ್ಲವೆಂದು ಹಣೆ ಮುಟ್ಟಿ ನೋಡುತ್ತಿದ್ದಳು.

ತಮ್ಮ ಈಗ ಬಿಡದಿಯ ಕಾರ್ಖಾನೆಯೊಂದರಲ್ಲಿದ್ದಾನೆ. ಅವನ ಮಗಳಿಗೂ ದಿನ ತುಂಬುತ್ತಾ ಬಂದಿದೆ. ಹೋದ ಭಾನುವಾರ ಊಟಕ್ಕೆ ಬಂದಾಗ ಈ ಹಳೇ ಕಥೆಯನ್ನೆಲ್ಲ ತೆಗೆದೆ. ‘ನಮ್ಮಲ್ಲಿ ನೈಟ್ ಶಿಫ್ಟಿಗೆ ಭತ್ಯೆ ಕೊಡ್ತಾರಕ್ಕ. ನಿಂದು ಬಡ್ಡಿ ಸೇರಿ ಎಷ್ಟಾಯ್ತು, ಹೇಳು’ ಎಂದು ನಕ್ಕ. ದುಡ್ಡು ಬೇಡ, ನಿನ್ನ ಮೊಮ್ಮಗುವಿಗೆ ಆರು ತಿಂಗಳಾದಾಗ ರಜೆ ಹಾಕಿ ರಾತ್ರಿ ನೀನೇ ತೂಗು, ನಿನ್ನ ಹೆಂಡತಿ ಮಲಗಲಿ ಎಂದೆ. ‘ನಂಗೆ ಜೋಗುಳ ಎಲ್ಲಿ ಬರ್ತದೆ?’ ಎಂದ. ನನಗೂ ಬರುತ್ತಿರಲಿಲ್ಲ ಕಣೋ, ನಿನಗೆ ಮಗ್ಗಿ ಹೇಳುತ್ತಿದ್ದೆ, ಹೋಂವರ್ಕೂ ಆಗುತ್ತಿತ್ತು, ನೀನೂ ಮಲಗುತ್ತಿದ್ದೆ ಎಂದೆ. ಅವನ ಹೆಂಡತಿ ನಿನ್ನೆ ಫೋನಿನಲ್ಲಿ ಹೇಳಿದಳು: ಸ್ನಾನದ ಮನೆಯಲ್ಲಿ ಹದಿಮೂರರ ಮಗ್ಗಿ ಕೇಳಿಸುತ್ತಿದೆಯಂತೆ, ಏಳನೆಯದಕ್ಕೆ ತಪ್ಪುತ್ತಿದ್ದಾನಂತೆ.